ಟಿಸಿಯೋ, ಸ್ಟಾರ್ಮೋ?

5 ಜನವರಿ 2025, ಭಾನುವಾರ
ಹೈದರಾಬಾದಿನ ಬಂಜಾರಾ ಹಿಲ್ಸ್‌ನ ರಾಯರು ಮನೆಯನ್ನು ಡೆವಲಪ್‌ಮೆಂಟಿಗೆ ಕೊಟ್ಟಿದ್ದಾರೆ. ಶೆಡ್ಡು ಹೋಗುತ್ತದೆ, ಎರಡು ಹಳೆಯ ಗಾಡಿಗಳಲ್ಲಿ ಒಂದಕ್ಕೆ ಮಾತ್ರ ಜಾಗ. ಒಂದು 1948ರ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಎಂಜಿ ಟಿಸಿ. ಇನ್ನೊಂದು ಸ್ಯಾನ್ ಸ್ಟಾರ್ಮ್, ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ಎರಡು ಸೀಟಿನ ತೆರೆದ ಕಾರು. ಟಿಸಿಗೆ 1250 ಸಿಸಿ, 54 ಅಶ್ವಶಕ್ತಿ. ಸ್ಟಾರ್ಮ್‌ಗೆ ರೆನೊದ 1149 ಸಿಸಿ ಎಂಜಿನ್, 60 ಅಶ್ವಶಕ್ತಿ. ಅರ್ಧ ಶತಮಾನದ ಅಂತರವಿದ್ದರೂ ಶಕ್ತಿಯಲ್ಲಿ ಹತ್ತಿರ ಹತ್ತಿರ. "ಸಂಕ್ರಾಂತಿಗೆ ರಸ್ತೆ ಖಾಲಿ ಇರುತ್ತೆ. ಎರಡನ್ನೂ ಓಡಿಸಿ, ಯಾವುದನ್ನ ಇಟ್ಟುಕೊಳ್ಳಲಿ ಹೇಳಿ" ಅಂದರು.

8 ಜನವರಿ, ಬುಧವಾರ
ಗ್ಯಾರೇಜಿನಲ್ಲಿ ಉಸ್ತಾದರು ಟಿಸಿಯ ಒಳಮೈ ತೋರಿಸಿದರು. ಉಕ್ಕಿನ ಚಾಸಿಯ ಮೇಲೆ ಆಶ್ ಮರದ ಚೌಕಟ್ಟು, ಅದರ ಮೇಲೆ ತಗಡು. ಇಲ್ಲಿನ ಬೇಸಿಗೆಗೆ ಮರ ಒಣಗಿ ಕೀಲು ಸಡಿಲವಾದರೆ ಬಾಗಿಲು ಜೋತುಬೀಳುತ್ತದೆ. ಆಗ ಬಡಗಿಯೂ ಬೇಕು, ಟಿಂಕರಿಂಗಿನವರೂ ಬೇಕು. ಸ್ಟಾರ್ಮ್‌ದು ಫೈಬರ್ ಬಾಡಿ: ಹಗುರ, ತುಕ್ಕಿನ ಕಾಟವಿಲ್ಲ. ಆದರೆ ಬಿರುಕು ಬಿಟ್ಟರೆ ಸುತ್ತಿಗೆಯಿಂದ ಸರಿಹೋಗದು. ರೆಸಿನ್ ಹಚ್ಚಿ, ಒಣಗಿಸಿ, ಉಜ್ಜಬೇಕು. "ಲೋಹಾ ಬಾತ್ ಸುನ್ತಾ, ಫೈಬರ್ ಸುನ್ತಾಚ್ ನೈ" ಎಂದರು ಉಸ್ತಾದರು. ಲೋಹ ಹೇಳಿದ ಮಾತು ಕೇಳುತ್ತದೆ, ಫೈಬರ್ ಕೇಳುವುದೇ ಇಲ್ಲ ಅಂತ.

14 ಜನವರಿ, ಮಂಗಳವಾರ, ಸಂಕ್ರಾಂತಿ
ಅರ್ಧ ಊರು ಆಂಧ್ರದ ಕಡೆ ಹೋಗಿದೆ. ನೆಕ್ಲೆಸ್ ರಸ್ತೆಯ ಮೇಲೆಲ್ಲ ಗಾಳಿಪಟ. ಮೊದಲು ಟಿಸಿ. ಚಾಲಕನ ಎದುರಿಗಿರುವುದು ಎಂಜಿನ್ ಸುತ್ತುವ ವೇಗದ ಮೀಟರು. ಸ್ಪೀಡೋಮೀಟರು ಪಕ್ಕದವರ ಮುಂದೆ. 19 ಇಂಚಿನ ಕಡ್ಡಿಚಕ್ರ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ರಸ್ತೆಯ ಪ್ರತಿ ತಗ್ಗೂ ಅಂಗೈಗೆ ತಿಳಿಯುತ್ತದೆ. ಮೊದಲ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಗಾಡಿ ನಿಂತ ಮೇಲೆಯೇ ಹಾಕಬೇಕು. ಡ್ರಮ್ ಬ್ರೇಕು, ಆದ್ದರಿಂದ ಆಟೋಗಳ ಹಿಂದೆ ದೂರ ಬಿಟ್ಟೇ ಹೋದೆ. ನಲವತ್ತರ ವೇಗದಲ್ಲೇ ಎಂಥ ಆನಂದ!

ಹುಸೇನ್ ಸಾಗರದ ಇದೇ ದಂಡೆಯಲ್ಲಿ 2023ರ ಫೆಬ್ರವರಿ 11ರಂದು ವಿದ್ಯುತ್ ರೇಸ್ ಕಾರುಗಳ ಫಾರ್ಮುಲಾ ಇ ಓಟ ನಡೆದಿತ್ತು. ಜಾನ್-ಎರಿಕ್ ವರ್ನ್ ಗೆದ್ದರು. ಆ ರೇಸ್ ಕಾರಿಗೆ ಚಾಲಕನೂ ಸೇರಿ ಕನಿಷ್ಠ 840 ಕಿಲೊ ತೂಕ. ಟಿಸಿ ಖಾಲಿಯಿದ್ದಾಗ ಸುಮಾರು 800 ಕಿಲೊ. ಮರ, ತಗಡು ನಂಬಿ ಕಟ್ಟಿದವರು ತೂಕದ ಬೆಲೆ ಅಂದೇ ಅರಿತಿದ್ದರು.

ಆಮೇಲೆ ಸ್ಟಾರ್ಮ್. ಕೀಲಿ ತಿರುಗಿಸಿದರೆ ಹೊರಟಿತು. ಐದು ಗೇರು, ಇಂಧನ ಇಂಜೆಕ್ಷನ್, ಎಳೆಯುವುದು ಮುಂದಿನ ಚಕ್ರ. ಟಿಸಿಯಷ್ಟು ಮಾತಾಡುವುದಿಲ್ಲ, ಅಷ್ಟು ದುಡಿಸಿಕೊಳ್ಳುವುದೂ ಇಲ್ಲ. ಇದರಲ್ಲಿ ದಿನವೂ ಆಫೀಸಿಗೆ ಹೋಗಬಹುದು.

19 ಜನವರಿ, ಭಾನುವಾರ
ಓಡಿಸುವ ಸುಖದಲ್ಲಿ ಟಿಸಿಯೇ ಮೇಲು, ಅನುಮಾನವಿಲ್ಲ. ಆದರೆ ಉಳಿಸುವ ಪ್ರಶ್ನೆ ಬೇರೆ. ಟಿಸಿ ಹತ್ತು ಸಾವಿರದಷ್ಟು ತಯಾರಾದವು. ಅದರ ಬಿಡಿಭಾಗಗಳು, ಮರದ ಚೌಕಟ್ಟು ಸಹಿತ, ಇಂಗ್ಲೆಂಡಿನಲ್ಲಿ ಇಂದಿಗೂ ಹೊಸದಾಗಿ ಸಿಗುತ್ತವೆ. ಸ್ಟಾರ್ಮ್‌ನ ಎಂಜಿನ್ ಯುರೋಪಿನ ಕ್ಲಿಯೊ, ಟ್ವಿಂಗೊಗಳದ್ದೇ, ಹೇಗೋ ತರಿಸಬಹುದು. ಬಾಡಿ ಹೋದರೆ ಹೋಯಿತು. ಟಿಸಿಯನ್ನು ಕಾಯಲು ಜಗತ್ತೇ ಇದೆ. ನಮ್ಮವರು ಧೈರ್ಯ ಮಾಡಿ ಕಟ್ಟಿದ ಸ್ಟಾರ್ಮನ್ನು ನಾವಲ್ಲದೆ ಬೇರೆ ಯಾರು ಕಾಯುತ್ತಾರೆ? ರಾಯರಿಗೆ ಫೋನು ಮಾಡಿ ಹೇಳಿದೆ: ಟಿಸಿಯನ್ನು ಒಳ್ಳೆಯ ಕೈಗೆ ಕೊಡಿ, ಸ್ಟಾರ್ಮ್ ಇಟ್ಟುಕೊಳ್ಳಿ, ಬಾಡಿ ಗಟ್ಟಿಯಿರುವಾಗಲೇ ಬಾನೆಟ್ಟು, ಬಂಪರುಗಳ ಅಚ್ಚು ತೆಗೆಸಿಡಿ.