ಕಪ್ಪಗಲ್ಲಿನ ನಾದಶಿಲೆಗಳು

ಬಳ್ಳಾರಿ ನಗರದಿಂದ ಈಶಾನ್ಯಕ್ಕೆ ಸುಮಾರು 6 ಕಿಲೋಮೀಟರು ಸಾಗಿದರೆ ಸಂಗನಕಲ್ಲು, ಅದರಾಚೆಗೆ ಕಪ್ಪಗಲ್ಲು. ಇಲ್ಲಿಯ ಬೆಟ್ಟಗಳು ಹೆಬ್ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುತ್ತವೆ. ಬೂದುಬಣ್ಣದ ಕಣಶಿಲೆಯ ನಡುವೆ ಕಡುಗಪ್ಪಾದ ಡಾಲರೈಟ್ ಶಿಲೆಯ ಪಟ್ಟಿಯೊಂದು ಬೆಟ್ಟವನ್ನು ಸೀಳಿಕೊಂಡು ಹೋಗಿದೆ. ನಾವು ನೋಡಹೋದದ್ದು ಆ ಕಪ್ಪು ಶಿಲೆಗಳನ್ನು.

ಅವುಗಳ ಮೇಲೆ ನೂರಾರು ಚಿತ್ರಗಳಿವೆ. ಬಹುಪಾಲು ನವಶಿಲಾಯುಗದ ದನಗಾಹಿಗಳು ನಾಲ್ಕೈದು ಸಾವಿರ ವರ್ಷಗಳ ಹಿಂದೆ ಕುಟ್ಟಿ ಮೂಡಿಸಿದವು. ನೀಳ ಕೊಂಬಿನ ಗೂಳಿಗಳೇ ಹೆಚ್ಚು, ನಡುನಡುವೆ ಮಾನವಾಕೃತಿಗಳು. ಲೋಹದ ಉಳಿಯಿಲ್ಲದ ಕಾಲವದು. ಕಲ್ಲಿಗೆ ಕಲ್ಲೇ ಉಳಿ. ಎಫ್. ಫಾಸೆಟ್ ಎಂಬುವರು 1892ರಲ್ಲಿಯೇ ಇವುಗಳ ಬಗ್ಗೆ ಬರೆದಿದ್ದರು.

ಇನ್ನು ಕೆಲವು ಬಂಡೆಗಳಲ್ಲಿ ಚಿತ್ರವಿಲ್ಲ, ಬಟ್ಟಲಿನಂಥ ಕುಳಿಗಳಿವೆ. ನಮ್ಮೊಡನೆ ಬಂದಿದ್ದ ಊರಿನ ಹಿರಿಯರೊಬ್ಬರು ಸಣ್ಣ ಕಲ್ಲಿನಿಂದ ಅಂಥ ಕುಳಿಯನ್ನು ಮೆಲ್ಲನೆ ತಟ್ಟಿದರು. ಮಠದ ಜಾಗಟೆಯನ್ನು ದೂರದಿಂದ ಕೇಳಿದಂತಾಯಿತು! ಪಕ್ಕದ ಬಂಡೆಯನ್ನು ತಟ್ಟಿದರೆ ಬರೀ ಟಕ್ಕೆಂಬ ಸದ್ದು. ಎಷ್ಟು ತಲೆಮಾರುಗಳು ಬಾರಿಸಿದರೆ ಕಗ್ಗಲ್ಲು ಹೀಗೆ ಸವೆದೀತು?

ಏತಕ್ಕಾಗಿ ಬಾರಿಸಿದರು? ಪೂಜೆಗೋ, ಕೂಟಕ್ಕೋ, ದನಗಳನ್ನು ಕರೆಯಲಿಕ್ಕೋ? ಇದೇ ಶಿಲೆಯಿಂದ ಹಿರೇಗುಡ್ಡದಲ್ಲಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ಅವುಗಳನ್ನು ಉಜ್ಜಿ ನಯಗೊಳಿಸಿದ ತೋಡುಗಳು ಇಂದಿಗೂ ಇವೆ. ಸಗಣಿ ಸುಟ್ಟು ಉಂಟಾದ ಬೂದಿದಿಬ್ಬವೂ ಸಮೀಪದಲ್ಲಿದೆ. ಬದುಕಿಗೆ ಆಯುಧ ಕೊಟ್ಟ ಕಲ್ಲೇ ಚಿತ್ರಕ್ಕೂ ನಾದಕ್ಕೂ ಒದಗಿತು. ಕೆಲವು ಚಿತ್ರಗಳಂತೂ ಕಾಲೂರಲು ನೆಲೆಯಿಲ್ಲದ ಎತ್ತರದಲ್ಲಿವೆ. ಕುಟ್ಟಿದವನು ಮೇಲಿನಿಂದ ಜೋತುಬಿದ್ದೇ ಕೆಲಸ ಮಾಡಿರಬೇಕು. ನೋಡುಗರಿಗಾಗಿಯೇ ಬಿಡಿಸಿದ್ದರೆ ಈ ಸಾಹಸವೇಕೆ? ಕುಟ್ಟುವ ಕ್ರಿಯೆಯೇ, ಅದರಿಂದೇಳುವ ಸದ್ದೇ ಅವರಿಗೆ ಮುಖ್ಯವಾಗಿತ್ತೆಂದು ನಮಗೆ ತೋರುತ್ತದೆ. ಇಲ್ಲಿ ಅಧ್ಯಯನ ನಡೆಸಿ 2004ರಲ್ಲಿ ಲೇಖನ ಪ್ರಕಟಿಸಿದ ಪುರಾತತ್ವಜ್ಞೆ ನಿಕೋಲ್ ಬೋವಿನ್ ಅವರ ವಿಚಾರವೂ ಇದಕ್ಕೆ ಹತ್ತಿರವಾದುದು.

ಅವರು ಬರೆಯುವಷ್ಟರಲ್ಲಿಯೇ ಬೆಟ್ಟದ ಒಂದು ಭಾಗ ಕಲ್ಲುಗಣಿಗೆ ಬಲಿಯಾಗಿತ್ತು. ದೇಗುಲ ಒಡೆದರೆ ಊರೇ ಎದ್ದು ನಿಲ್ಲುತ್ತದೆ. ಬಂಡೆ ಒಡೆದರೆ ಜಲ್ಲಿಯ ಲೆಕ್ಕ ಮಾತ್ರ. ಒಡೆದ ಬಂಡೆಯ ಚಿತ್ರವಾದರೂ ಛಾಯಾಚಿತ್ರದಲ್ಲಿ ಉಳಿದೀತು, ಅದರ ನಾದ ಉಳಿಯದು.

ಹೋಗಬಯಸುವ ಬಂಧುಗಳು ಬಿಸಿಲೇರುವ ಮುನ್ನ ಬೆಟ್ಟ ಹತ್ತುವುದೊಳ್ಳೆಯದು. ಓರೆಬಿಸಿಲಿನಲ್ಲಿಯೇ ಗೆರೆಗಳು ಚೆನ್ನಾಗಿ ಕಾಣುತ್ತವೆ. ಮಕ್ಕಳ ಕೈಗೆ ಕಲ್ಲು ಕೊಡಬೇಡಿ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಕೊಡಲಿಗಳನ್ನು ಅಲ್ಲಿ ನೋಡಿಕೊಂಡು ಹೊರಟರೆ ಬೆಟ್ಟ ಇನ್ನಷ್ಟು ಮಾತನಾಡುತ್ತದೆ.