ಅಳೆಯಲಾಗದ ಬೆಂಕಿಯ ಲೆಕ್ಕ

ಇದ್ದಿಲು ಪೂರ್ತಿ ಉರಿದರೆ ಕಾರ್ಬನ್ ಡೈಆಕ್ಸೈಡ್. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರನ್ನು ಸದ್ದಿಲ್ಲದೆ ಕೊಲ್ಲುವ ಅನಿಲ. ಮೊದಲನೆಯದರ ಶಾಖವನ್ನು ಕ್ಯಾಲರಿಮೀಟರಿನಲ್ಲಿ ಅಳೆಯಬಹುದು: ಒಂದು ಮೋಲ್ ಇಂಗಾಲಕ್ಕೆ 393.5 ಕಿಲೋಜೂಲ್. ಎರಡನೆಯದನ್ನು ಹಾಗೆ ಅಳೆಯಹೋದರೆ ಅದು ಕೈಗೆ ಸಿಗುವುದಿಲ್ಲ. ಆಮ್ಲಜನಕವನ್ನು ಎಷ್ಟೇ ಲೆಕ್ಕ ಹಾಕಿ ಬಿಟ್ಟರೂ ಒಂದಿಷ್ಟು ಡೈಆಕ್ಸೈಡ್ ಹುಟ್ಟುತ್ತದೆ, ಒಂದಿಷ್ಟು ಇದ್ದಿಲು ಉಳಿಯುತ್ತದೆ. ಆದರೆ ಮಾನಾಕ್ಸೈಡನ್ನು ಬೇರೆಯಾಗಿ ತಂದು ಸುಡಬಹುದು, ಅದು 283 ಕಿಲೋಜೂಲ್ ಕೊಡುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ 110.5. ಯಾವ ಪಾತ್ರೆಯಲ್ಲೂ ಚೊಕ್ಕವಾಗಿ ನಡೆಯದ ಕ್ರಿಯೆಯ ಶಾಖ ಕಾಗದದ ಮೇಲೆ ಸಿಕ್ಕಿತು. ಪಿಯುಸಿಯಲ್ಲಿ ಸಮೀಕರಣ ತಿರುಗಿಸಿ, ಚಿಹ್ನೆ ಬದಲಿಸಿ, ಅರ್ಧದಿಂದ ಗುಣಿಸಿ ಉತ್ತರ ತೆಗೆಯುವ ನಾವೆಲ್ಲ ಇದನ್ನು ಅಂಕ ಗಿಟ್ಟಿಸುವ ಬೀಜಗಣಿತ ಎಂದುಕೊಂಡೇ ಮುಂದೆ ಹೋಗುತ್ತೇವೆ. ನನ್ನ ಮಟ್ಟಿಗೆ ಅದು ಪ್ರಕೃತಿಯ ಬಗ್ಗೆ ಮಾಡಿದ ದಿಟ್ಟ ಹೇಳಿಕೆ. ಪ್ರಯೋಗದಲ್ಲಿ ಸುಳ್ಳಾಗಬಹುದಿತ್ತು, ಆಗಲಿಲ್ಲ.

ಆ ಪ್ರಯೋಗ ಮಾಡಿದವನು ಜರ್ಮೇನ್ ಹೆನ್ರಿ ಹೆಸ್. 1802ರಲ್ಲಿ ಜಿನೀವಾದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ರಷ್ಯಾ ಸೇರಿ, ಡೋರ್ಪಾಟ್‌ನಲ್ಲಿ ವೈದ್ಯಶಾಸ್ತ್ರ ಓದಿ, ಸೈಬೀರಿಯಾದ ಇರ್ಕುಟ್ಸ್ಕ್‌ನಲ್ಲಿ ವೈದ್ಯನಾಗಿದ್ದು, ಕೊನೆಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಸಾಯನಶಾಸ್ತ್ರದಲ್ಲಿ ನೆಲೆಯೂರಿದವ. ಗಂಧಕಾಮ್ಲಕ್ಕೆ ನೀರು ಬೆರೆಸಿದರೆ ಪಾತ್ರೆ ಬಿಸಿಯಾಗುತ್ತದೆ. ಆ ದ್ರಾವಣಕ್ಕೆ ಅಮೋನಿಯಾ ಹಾಕಿದರೆ ಮತ್ತೆ ಬಿಸಿಯಾಗುತ್ತದೆ. ಹೆಸ್ ನೀರಿನ ಪ್ರಮಾಣ ಬದಲಿಸುತ್ತ ಎರಡೂ ಹಂತಗಳ ಶಾಖವನ್ನು ಬೇರೆಬೇರೆಯಾಗಿ ಅಳೆದ. ಮೊದಲು ನೀರೇ ಬೆರೆಸದಿದ್ದಾಗ ಅಮೋನಿಯಾ ಹಂತದಲ್ಲಿ ಸಿಕ್ಕಿದ್ದು, ಅವನ ಮಾನದಲ್ಲಿ, 595.8. ನೀರು ಬೆರೆಸಿದಾಗ ಮೊದಲ ಹಂತ 77.8 ಕೊಟ್ಟರೆ ಎರಡನೆಯದು 518.9ಕ್ಕೆ ಇಳಿಯಿತು, ಮೊದಲನೆಯದು 116.7ಕ್ಕೆ ಏರಿದಾಗ ಎರಡನೆಯದು 480.5. ಮೊತ್ತ ಕ್ರಮವಾಗಿ 596.7, 597.2. ಇನ್ನಷ್ಟು ನೀರಿಗೆ 601.8, ಇದು ಕೊಂಚ ಜಾರಿದೆ, ಆದರೆ ಆ ಕಾಲದ ಉಪಕರಣಗಳಿಗೆ ಶೇಕಡ ಒಂದರ ಆಸುಪಾಸು ದೊಡ್ಡ ತಪ್ಪೇನಲ್ಲ. ಮುಂಚೆ ಬಂದ ಶಾಖ ಆಮೇಲೆ ಬರುವ ಶಾಖದಿಂದ ಕಳೆದುಹೋಗುತ್ತದೆ. ದಾರಿ ಯಾವುದಾದರೂ ಒಟ್ಟು ಮೊತ್ತ ಅಷ್ಟೇ. 1840ರಲ್ಲಿ ಅವನು ಇದನ್ನು ನಿಯಮವಾಗಿ ಪ್ರಕಟಿಸಿದ.

ಇದು ಶಕ್ತಿಯ ಸಂರಕ್ಷಣೆಯ ಒಂದು ಉಪಫಲವಷ್ಟೇ, ಇದಕ್ಕೆ ಬೇರೆ ಹೆಸರೇಕೆ ಎಂದು ಕೇಳುವವರಿದ್ದಾರೆ. ತರ್ಕದ ಪ್ರಕಾರ ಸರಿ. ಎಂಥಾಲ್ಪಿ, ಅಂದರೆ ಈ ಶಾಖದ ಲೆಕ್ಕವಿಡುವ ಮಾನ, ಸ್ಥಿತಿಯನ್ನು ಮಾತ್ರ ಅವಲಂಬಿಸುತ್ತದೆ, ದಾರಿಯನ್ನಲ್ಲ ಎಂದು ಒಪ್ಪಿದ ಮೇಲೆ ಹೆಸ್‌ನ ನಿಯಮ ಒಂದೇ ಸಾಲಿನಲ್ಲಿ ಬಂದುಬಿಡುತ್ತದೆ. ಆದರೆ ಶಕ್ತಿಯ ಸಂರಕ್ಷಣೆಯ ಬಗ್ಗೆ ಮೇಯರನ ಲೇಖನ ಬಂದದ್ದು 1842ರಲ್ಲಿ, ಹೆಲ್ಮ್‌ಹೋಲ್ಟ್ಸ್‌ನದು 1847ರಲ್ಲಿ. ಹೆಸ್ ಕೆಲಸ ಮಾಡುತ್ತಿದ್ದಾಗ ಶಾಖವೇ ಒಂದು ವಸ್ತು ಎಂಬ ನಂಬಿಕೆ ಇನ್ನೂ ಸತ್ತಿರಲಿಲ್ಲ. ಮುಂದೆ ಬಂದ ದೊಡ್ಡ ನಿಯಮದೊಳಗೆ ಹಿಂದಿನದನ್ನು ಮಡಚಿಟ್ಟು, ಹಿಂದಿನವನು ಏನೂ ಕಂಡಿರಲಿಲ್ಲ ಎನ್ನುವುದು ಪಠ್ಯಪುಸ್ತಕದ ಅನುಕೂಲ, ಇತಿಹಾಸವಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಕಳೆಯುವ ಲೆಕ್ಕದಲ್ಲಿ ತಪ್ಪು ಕಳೆಯುವುದಿಲ್ಲ, ಉಳಿಯುತ್ತದೆ. ತುಂಬಿದ ಲಾರಿಯನ್ನೂ ಖಾಲಿ ಲಾರಿಯನ್ನೂ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಮರಳಿನ ತೂಕ ತಿಳಿಯಬಹುದು; ಡ್ರೈವರನ ಕಿವಿಯ ಹಿಂದಿನ ಬೀಡಿಯ ತೂಕ ಹಾಗೆ ತಿಳಿಯುವುದಿಲ್ಲ. ವಜ್ರ ಗ್ರಾಫೈಟ್ ಆಗುವಾಗ ಬಿಡುವ ಶಾಖ ಇಂಥ ಪ್ರಸಂಗ. ವಜ್ರ ಸುಟ್ಟರೆ 395.4, ಗ್ರಾಫೈಟ್ ಸುಟ್ಟರೆ 393.5, ವ್ಯತ್ಯಾಸ 1.9 ಮಾತ್ರ. ಒಂದೊಂದು ಅಳತೆಯಲ್ಲಿ ಸಾವಿರಕ್ಕೆ ಒಂದು ಪಾಲು ತಪ್ಪಿದರೂ, ಅಂದರೆ 0.4ರಷ್ಟು, ಉತ್ತರದ ದೊಡ್ಡ ಪಾಲೇ ಅನುಮಾನಕ್ಕೆ ಬೀಳುತ್ತದೆ. ನಿಯಮದ ದೋಷ ಇದಲ್ಲ, ನಿಜ. ಆದರೂ ಬಳಸುವವನಿಗೆ ನೋವು ಕೊಡುವುದು ಇದೇ. ದಹನದ ಅಳತೆಯಲ್ಲಿ ದಶಮಾಂಶಗಳಿಗಾಗಿ ರಸಾಯನಜ್ಞರು ಪಟ್ಟ ಪಾಡಿಗೆ ಒಂದು ಕಾರಣವೂ ಇದೇ: ಬೀಡಿಯ ತೂಕ ಬೇಕೆಂದರೆ ಲಾರಿಯನ್ನು ಬೀಡಿಯಷ್ಟೇ ಸೂಕ್ಷ್ಮವಾಗಿ ತೂಗಬೇಕು.

ಶಾಖದ ಲೆಕ್ಕ ಗೊತ್ತಾದರೆ ಕ್ರಿಯೆ ನಡೆಯುತ್ತದೋ ಇಲ್ಲವೋ ಗೊತ್ತಾಗುತ್ತದೆಯೇ? ಹೆಸ್‌ನ ನಂತರದ ರಸಾಯನಜ್ಞರಾದ ಥಾಮ್ಸೆನ್, ಬರ್ತೆಲೋ ಇಬ್ಬರೂ ಹೌದು, ಶಾಖ ಬಿಡುವ ಕ್ರಿಯೆಯೇ ತಾನಾಗಿ ನಡೆಯುತ್ತದೆ ಎಂದು ನಂಬಿ ದಶಕಗಟ್ಟಲೆ ಅಳೆದರು. ಒಂದು ಬಕೆಟ್ ನೀರಿಗೆ ಯೂರಿಯಾ ಗೊಬ್ಬರ ಸುರಿದು ಕೈಯಾಡಿಸಿದ ಯಾವ ರೈತನೂ ಅವರನ್ನು ತಿದ್ದಬಹುದಿತ್ತು. ಯೂರಿಯಾ ತಾನಾಗಿಯೇ ಕರಗುತ್ತದೆ, ಆದರೆ ಶಾಖ ಹೀರಿಕೊಂಡು ನೀರನ್ನು ತಣ್ಣಗೆ ಮಾಡುತ್ತದೆ. ಅವರ ನಂಬಿಕೆ ಬಿತ್ತು, ಅಳತೆಗಳು ಉಳಿದವು. ಹೆಸ್‌ನ ನಿಯಮಕ್ಕೆ ಏನೂ ಆಗಲಿಲ್ಲ, ಏಕೆಂದರೆ ಅದು ಅಂಥ ಭರವಸೆ ಕೊಟ್ಟಿರಲೇ ಇಲ್ಲ.

ಅದು ಕೇಳುವುದು ಒಂದೇ ಷರತ್ತು: ಆರಂಭವೂ ಕೊನೆಯೂ ಒಂದೇ ಆಗಿರಬೇಕು. ಜಲಜನಕ ಉರಿದು ದ್ರವರೂಪದ ನೀರಾದರೆ 285.8, ಆವಿಯಾಗಿಯೇ ಉಳಿದರೆ 241.8. ನನ್ನ ಮೈಯೊಳಗಿನ ಸಕ್ಕರೆ ಹತ್ತಾರು ಹಂತಗಳಲ್ಲಿ, ಹೊಗೆಯಿಲ್ಲದೆ ಉರಿದರೂ ಕೊನೆಗೆ ಒಲೆಯಲ್ಲಿ ಸುಟ್ಟ ಸಕ್ಕರೆಯ ಹಾಗೆಯೇ ಡೈಆಕ್ಸೈಡೂ ನೀರೂ ಆಗುತ್ತದೆ. ಆದ್ದರಿಂದ ಶಾಖವೂ ಅಷ್ಟೇ. ಬೇಳೆಯ ಪ್ರೋಟೀನು ಹಾಗಲ್ಲ. ಕ್ಯಾಲರಿಮೀಟರಿನಲ್ಲಿ ಸುಟ್ಟರೆ ಒಂದು ಗ್ರಾಂ ಪ್ರೋಟೀನು ಸುಮಾರು 5.65 ಕಿಲೋಕ್ಯಾಲರಿ ಕೊಡುತ್ತದೆ, ಮೈಗೆ ದಕ್ಕುವುದು ಸುಮಾರು 4. ಸ್ವಲ್ಪ ಜೀರ್ಣವಾಗದೆ ಹೋಗುತ್ತದೆ. ಹೆಚ್ಚಿನದು ಹೋಗುವುದು ಮೂತ್ರದಲ್ಲಿ, ಮತ್ತೆ ಅದೇ ಯೂರಿಯಾದ ರೂಪದಲ್ಲಿ, ಇನ್ನೂ ಸುಡಬಹುದಾದ ವಸ್ತುವಾಗಿ. ಅದನ್ನು ಒಣಗಿಸಿ ಸುಟ್ಟು ಬಂದ ಶಾಖವನ್ನು ಕೂಡಿಸಿದರೆ ಆ ಬಾಕಿಯೂ ಚುಕ್ತಾ.