72 ಗಜ ಬಟ್ಟೆ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ. ಅವುಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡನ್ನು ಓದುವಾಗ ಶ್ರಾವಕನ ಕಣ್ಣಮುಂದೆ ಹೇರು ಹೊತ್ತ ಎತ್ತು ನಿಲ್ಲುತ್ತದೆ. ತನ್ನ ಅಂಗಡಿಯ ಕೆಲಸಗಾರ ಬಹುಮಟ್ಟಿಗೆ ನಿಲ್ಲುವುದಿಲ್ಲ. ಚನ್ನಗಿರಿಯ ಜವಳಿ ವರ್ತಕರೊಬ್ಬರಿಗೆ ಅವನು ಕಾಣಿಸಿಕೊಂಡದ್ದು ಒಂದು ಮನವಿಪತ್ರದ ದೆಸೆಯಿಂದ.

2025ರ ಏಪ್ರಿಲ್ ತಿಂಗಳಲ್ಲಿ ರಾಜ್ಯ ಸರ್ಕಾರವು ಕನಿಷ್ಠ ವೇತನ ಪರಿಷ್ಕರಣೆಯ ಕರಡು ಅಧಿಸೂಚನೆಯನ್ನು ಹೊರಡಿಸಿ, ಸಲಹೆ ಮತ್ತು ಆಕ್ಷೇಪಣೆಗಳಿಗೆ ಎರಡು ತಿಂಗಳ ಅವಕಾಶವಿತ್ತಿತು. 1948ರ ಕನಿಷ್ಠ ವೇತನ ಕಾಯಿದೆಯು ವಿಧಿಸಿದ್ದ ಕ್ರಮವದು. ಕೆಲಸ ಕೊಡುವವನ ಮಾತನ್ನೂ ಮಾಡುವವನ ಮಾತನ್ನೂ ಕೇಳಿದ ಬಳಿಕವೇ ದರ ನಿಶ್ಚಯವಾಗಬೇಕೆಂಬುದು ಅದರ ಆಶಯ.

ಕೆಲದಿನಗಳಲ್ಲೇ ಈ ವರ್ತಕರ ಕೈಗೆ ಟೈಪು ಮಾಡಿದ ಒಂದು ಆಕ್ಷೇಪಣಾ ಪತ್ರ ಬಂದಿತು. ಉದ್ದರಿ ವಸೂಲಿಗೆಂದು ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಗೆ ಹೋಗಿಬರುವವರಾದುದರಿಂದ ಅಲ್ಲಿನ ವರ್ತಕರ ಸಹಿ ಪಡೆಯುವ ಹೊಣೆಯೂ ಅವರದಾಯಿತು. ಸಣ್ಣ ಊರುಗಳಲ್ಲಿ ಜೀವನವೆಚ್ಚ ತೀರ ಕಡಿಮೆ, ಈಗಿನ ಸಂಬಳದಲ್ಲಿಯೇ ಕೆಲಸಗಾರರು ಸುಖವಾಗಿದ್ದಾರೆ ಎಂಬುದು ಪತ್ರದ ತಿರುಳು.

ಹೊನ್ನಾಳಿಯ ಮೆಕ್ಕೆಜೋಳದ ವ್ಯಾಪಾರಿ ಓದದೆಯೇ ಸಹಿ ಹಾಕಿದರು. ನ್ಯಾಮತಿಯಲ್ಲಿ ಕಿರಾಣಿ ಅಂಗಡಿ ನಡೆಸುವ ವಿಧವೆಯೊಬ್ಬರು ಮಾತ್ರ ಪೆನ್ನು ಮುಟ್ಟಲಿಲ್ಲ. "ಅಣ್ಣಾ, ನನ್ನಲ್ಲಿರೋದು ಒಬ್ಬಳೇ ಕೆಲಸದವಳು. ಒಂದೇ ಸಲ ಇಷ್ಟು ಏರಿದರೆ ನಾನು ಬಾಗಿಲು ಹಾಕಬೇಕು. ಅದನ್ನ ಬರೀರಿ. ಅವಳು ಸುಖವಾಗಿದ್ದಾಳೆ ಅಂತ ನಾನು ಹೇಗೆ ಸಹಿ ಹಾಕಲಿ?" ಎಂದರು. ಜಗಳೂರಿನ ಹಿರಿಯ ವರ್ತಕರೊಬ್ಬರು ಕನ್ನಡಕ ತೆಗೆದು ಕೇಳಿದರು: "ಮನೆ ಬಾಡಿಗೆ ಇಲ್ಲಿ ಕಡಿಮೆ, ಒಪ್ಪಿದೆ. ಅಕ್ಕಿ, ಬೇಳೆ, ಔಷಧಿ ಅಗ್ಗವೇನು? ಸುಖವಾಗಿದ್ದವರು ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ದುಡಿಯಲು ಹೋಗುವುದು ಯಾಕೆ?"

ಊರಿಗೆ ಮರಳಿದ ಆ ರಾತ್ರಿ ಅವರು ಕರಡಿನ ಲೆಕ್ಕದ ಮೂಲವನ್ನು ಹುಡುಕಿ ಓದಿದರು. 1957ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಕೂಡಿ ಕುಳಿತ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇದರ ಅಳತೆಗೋಲನ್ನು ಒಪ್ಪಿತ್ತು. ದುಡಿಯುವವನ ಸಂಸಾರವೆಂದರೆ 3 ಘಟಕ; ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿಯ ಆಹಾರ; ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ; ಮನೆ ಬಾಡಿಗೆ; ಉರುವಲು, ದೀಪ ಮೊದಲಾದವುಗಳಿಗೆ ಶೇಕಡಾ 20. ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ ಮುಂತಾದವುಗಳಿಗಾಗಿ ಶೇಕಡಾ 25ನ್ನು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ರಾಪ್ಟಕೋಸ್ ಬ್ರೆಟ್ ಮೊಕದ್ದಮೆಯಲ್ಲಿ ಸೇರಿಸಿತು.

72 ಗಜವೆಂದರೆ ಸುಮಾರು 66 ಮೀಟರು. ಜವಳಿಯವರ ಮನಸ್ಸು ಅಲ್ಲಿಯೇ ನಿಂತಿತು. ತಮ್ಮಲ್ಲಿ 19 ವರ್ಷಗಳಿಂದ ಬಟ್ಟೆ ಅಳೆದು ಕತ್ತರಿಸುತ್ತಿರುವವನ ಖಾತೆಯನ್ನು ತೆರೆದರು. ಯುಗಾದಿಯಿಂದ ಯುಗಾದಿಗೆ ನಾಲ್ವರ ಸಂಸಾರಕ್ಕೆ ಅವನು ಒಯ್ದದ್ದು, ಹೆಂಡತಿಯ ಎರಡು ಸೀರೆ ಸೇರಿ, 27 ಮೀಟರು. ಬೇರೆ ಕಡೆ ಕೊಂಡಿರಬಹುದೇ ಎಂದು ಬೆಳಗ್ಗೆ ಕೇಳಿದಾಗ ಅವನು ನಕ್ಕನು: "ಉದ್ದರಿ ಇಲ್ಲೇ ಸಿಗುತ್ತಲ್ಲ ಸಾಹುಕಾರ್ರೇ, ಬೇರೆ ಕಡೆ ಯಾಕೆ ಹೋಗಲಿ?"

ಹಾಜರಿ ಪುಸ್ತಕವೂ ಮಾತನಾಡಿತು. 1961ರ ಕರ್ನಾಟಕ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ದಿನದ ದುಡಿಮೆ 9 ಗಂಟೆ. ಮೀರಿದ ಅವಧಿಗೆ ಇಮ್ಮಡಿ ಕೂಲಿ. ಮದುವೆಯ ಕಾಲದಲ್ಲಿ ರಾತ್ರಿ ಹತ್ತರವರೆಗೆ ದೀಪ ಉರಿದ ದಿನಗಳಲ್ಲಿಯೂ ಪುಸ್ತಕದಲ್ಲಿ 9 ಎಂದೇ ಬರೆದಿತ್ತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಇದಕ್ಕೂ ಹೆಸರುಂಟು: ಕೂಟಲೇಖಕ್ರಿಯೆ. ಬರೆದ ಕೈ ಅವರದೇ.

ಅವರು ಹೊಸ ಪತ್ರವನ್ನು ಬರೆದರು. ಸುಖದ ಮಾತನ್ನು ಹೊಡೆದುಹಾಕಿದರು. ಒಬ್ಬಿಬ್ಬರು ಕೆಲಸಗಾರರಿರುವ ಅಂಗಡಿಯ ವರ್ಷದ ವ್ಯಾಪಾರ, ಬಾಡಿಗೆ, ಬಡ್ಡಿ, ಉಳಿತಾಯಗಳನ್ನು ಅಂಕಿಗಳಲ್ಲಿಟ್ಟು, ಅಂಥವರಿಗೆ ಏರಿಕೆಯು ಎರಡು ಮೂರು ಹಂತಗಳಲ್ಲಿ ಬರಲಿ ಎಂದು ಕೇಳಿದರು. 72 ಗಜದ ಅಳತೆ ಹೆಚ್ಚಿನದಲ್ಲವೆಂಬುದನ್ನೂ ಒಪ್ಪಿ ಬರೆದರು. ಹಳೆಯ ಪತ್ರಕ್ಕೆ ನಲವತ್ತು ಸಹಿಗಳಿದ್ದವು. ಇದಕ್ಕೆ ಬಂದದ್ದು ಹನ್ನೊಂದು. ಮೊದಲನೆಯದು ನ್ಯಾಮತಿಯ ಆ ತಾಯಿಯದು. ಹೊನ್ನಾಳಿಯವರು ಈ ಸಲ ಪೂರ್ತಿ ಓದಿದರು, ಸಹಿ ಹಾಕಲಿಲ್ಲ. ಗಡುವಿನೊಳಗೆ ಪತ್ರ ಅಂಚೆಗೆ ಬಿದ್ದಿತು. ಶ್ರಾವಣದಿಂದ ತಮ್ಮ ಕೆಲಸಗಾರರ ಸಂಬಳವನ್ನು ಅವರು ಏರಿಸಿದರು. ಕರಡಿನ ದರವನ್ನು ಅದು ಮುಟ್ಟಲಿಲ್ಲ. ಹಾಜರಿ ಪುಸ್ತಕ ಮಾತ್ರ ಅಂದಿನಿಂದ ನಿಜ ಹೇಳುತ್ತಿದೆ.

2025ರ ನವೆಂಬರ್ 21ರಂದು ಹಳೆಯ ಕಾಯಿದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆ ಜಾರಿಗೆ ಬಂದಿತು. ಕರಡು ಪ್ರಕಟಿಸಿ ಎರಡು ತಿಂಗಳು ಕಾಯುವ ದಾರಿಯನ್ನು ಅದೂ ಉಳಿಸಿಕೊಂಡಿದೆ. ಬಸದಿಗಳ ಟ್ರಸ್ಟುಗಳೂ ಯಾತ್ರಿನಿವಾಸದ ಅಡಿಗೆಯವನಿಗೆ, ಕಾವಲುಗಾರನಿಗೆ ಸಂಬಳ ಕೊಡುತ್ತವೆ. ಮುಂದಿನ ಕರಡು ಬಂದಾಗ ವರ್ತಕ ಬಂಧುಗಳೂ ಟ್ರಸ್ಟಿಗಳೂ ಸರ್ಕಾರಕ್ಕೆ ಅವಶ್ಯವಾಗಿ ಬರೆಯಲಿ. ಬರೆಯುವ ಮುನ್ನ ಒಂದು ಸಂಜೆ ತಮ್ಮ ಖಾತೆಯನ್ನೂ ಹಾಜರಿ ಪುಸ್ತಕವನ್ನೂ ತೆರೆದುಕೊಂಡು ಕುಳಿತಿರಲಿ.